ಬಾಗಿಲಲ್ಲಿ ನಿಂತ ಕ್ವೆರಿಗಳು: ಟೆರಾಡೇಟಾದಲ್ಲಿ ಡಿಲೇ ಕ್ಯೂ ಗಮನಿಸುವ ಸಮಗ್ರ ಮಾರ್ಗದರ್ಶಿ

ಫೋನ್ ಬರುತ್ತದೆ. "ನನ್ನ ರಿಪೋರ್ಟ್ ಅರ್ಧ ಗಂಟೆಯಿಂದ ಓಡ್ತಾನೇ ಇದೆ. ಸಿಸ್ಟಮ್ ಸ್ಲೋ ಆಗಿದೆಯಾ?" ನೀವು ಸಿಪಿಯು ನೋಡುತ್ತೀರಿ. ಆರಾಮಾಗಿದೆ. ಲಾಕ್ ನೋಡುತ್ತೀರಿ. ಯಾರೂ ಯಾರನ್ನೂ ತಡೆದಿಲ್ಲ. ಕೊನೆಗೆ ಸೆಷನ್ ಸ್ಥಿತಿ ನೋಡಿದಾಗ ವಿಷಯ ಗೊತ್ತಾಗುತ್ತದೆ: ಆ ರಿಪೋರ್ಟ್ ಓಡುತ್ತಲೇ ಇಲ್ಲ. ಶುರುವೇ ಆಗಿಲ್ಲ. ಬಾಗಿಲಲ್ಲಿ ನಿಂತಿದೆ.

ದೊಡ್ಡ ಡೇಟಾ ವೇರ್‌ಹೌಸ್‌ಗಳಿಗೆ ಬಳಸುವ ಟೆರಾಡೇಟಾ ಡೇಟಾಬೇಸ್‌ನಲ್ಲಿ ಇದಕ್ಕೆ ಡಿಲೇ ಅನ್ನುತ್ತಾರೆ. ಯಾವ ಕ್ವೆರಿ ಯಾವಾಗ ಓಡಬೇಕು ಎಂದು ನಿಯಂತ್ರಿಸುವ ವರ್ಕ್‌ಲೋಡ್ ಮ್ಯಾನೇಜ್‌ಮೆಂಟ್ ಬೇಕಂತಲೇ ತಡೆದು ನಿಲ್ಲಿಸಿದ ಕ್ವೆರಿ ಅದು. ಅದನ್ನು ಕಂಡ ತಕ್ಷಣ ನಮ್ಮ ಕೈ ರಿಲೀಸ್ ಬಟನ್ ಕಡೆಗೋ ಲಿಮಿಟ್ ಜಾಸ್ತಿ ಮಾಡುವ ಕಡೆಗೋ ಹೋಗುತ್ತದೆ. ನಾನೂ ಎಷ್ಟೋ ಸಲ ಹಾಗೆ ಮಾಡಿ ಕೈ ಸುಟ್ಟುಕೊಂಡಿದ್ದೇನೆ. ಈಗ ನಾನು ಮೊದಲು ನೋಡುವುದು ಹೊರಗೆ ನಿಂತವರನ್ನಲ್ಲ, ಒಳಗೆ ಕೂತು ಜಾಗ ಹಿಡಿದವರನ್ನು. ಈ ಬರಹದ ಹೆಚ್ಚಿನ ಭಾಗ ಅದರ ಬಗ್ಗೆಯೇ.

ಕ್ವೆರಿ ಯಾವ ಜಾಗದಲ್ಲಿ ನಿಲ್ಲುತ್ತದೆ

ಕ್ವೆರಿ ಮೊದಲು ಪಾರ್ಸಿಂಗ್ ಎಂಜಿನ್‌ಗೆ ಬರುತ್ತದೆ. ಅಲ್ಲಿ ಸಿಂಟ್ಯಾಕ್ಸ್, ಪರ್ಮಿಷನ್ ಎಲ್ಲ ಚೆಕ್ ಆಗಿ, ಆಪ್ಟಿಮೈಜರ್ ಪ್ಲಾನ್ ಹಾಕುತ್ತದೆ. ಪ್ಲಾನ್ ತಯಾರಾದ ಮೇಲೆ, ಆದರೆ ಡೇಟಾ ಹಂಚಿಕೊಂಡು ಒಟ್ಟಿಗೆ ಕೆಲಸ ಮಾಡುವ ಆಂಪ್‌ಗಳಿಗೆ ಮೊದಲ ಸ್ಟೆಪ್ ಹೋಗುವ ಮುಂಚೆ, ಟ್ಯಾಸ್ಮ್ ನಡುವೆ ಬರುತ್ತದೆ. ಟ್ಯಾಸ್ಮ್ ಅಂದರೆ ಟೆರಾಡೇಟಾ ಆಕ್ಟಿವ್ ಸಿಸ್ಟಮ್ ಮ್ಯಾನೇಜ್‌ಮೆಂಟ್. ಅದು ಮೂರು ಕೆಲಸ ಮಾಡುತ್ತದೆ. ಫಿಲ್ಟರ್ ಇದ್ದರೆ ಕ್ವೆರಿಯನ್ನು ವಾಪಸ್ ಕಳಿಸುತ್ತದೆ. ಕ್ವೆರಿ ಯಾವ ವರ್ಕ್‌ಲೋಡ್‌ಗೆ, ಅಂದರೆ ಒಂದೇ ನಿಯಮಕ್ಕೆ ಒಳಪಡುವ ಕ್ವೆರಿಗಳ ಯಾವ ಗುಂಪಿಗೆ, ಸೇರಬೇಕು ಎಂದು ತೀರ್ಮಾನಿಸುತ್ತದೆ. ಆಮೇಲೆ ಥ್ರಾಟಲ್ (ಒಟ್ಟಿಗೆ ಎಷ್ಟು ಕ್ವೆರಿ ಓಡಬಹುದು ಎಂಬ ಮಿತಿ) ಲೆಕ್ಕ ನೋಡುತ್ತದೆ. ಲಿಮಿಟ್ 10 ಇದ್ದು ಒಳಗೆ ಆಗಲೇ 10 ಕ್ವೆರಿ ಇದ್ದರೆ, ಹನ್ನೊಂದನೆಯದು ಡಿಲೇ ಕ್ಯೂಗೆ ಹೋಗುತ್ತದೆ.

ಇಲ್ಲಿ ಗಮನಿಸಬೇಕಾದದ್ದು, ಪ್ಲಾನ್ ಆದ ಮೇಲೆ ನಿಲ್ಲಿಸುತ್ತಾರೆ ಅನ್ನುವುದು. ಹಾಗಾಗಿಯೇ "ಇದು ಎಷ್ಟು ಹೊತ್ತು ಓಡಬಹುದು" ಎಂಬ ಆಪ್ಟಿಮೈಜರ್ ಅಂದಾಜನ್ನು ಟ್ಯಾಸ್ಮ್ ಬಳಸಿಕೊಳ್ಳಲು ಆಗುತ್ತದೆ. ಆದರೆ ಟೇಬಲ್‌ಗಳ ಡೇಟಾ ಬಗ್ಗೆ ಸಂಗ್ರಹಿಸಿಟ್ಟ ಸ್ಟ್ಯಾಟಿಸ್ಟಿಕ್ಸ್ ಹಳೆಯದಾಗಿದ್ದರೆ ಅಂದಾಜೂ ತಪ್ಪುತ್ತದೆ. ಎರಡು ಸೆಕೆಂಡಿನ ಕ್ವೆರಿ ಭಾರೀ ಕ್ವೆರಿಗಳ ಸಾಲಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಡಿಲೇ ದೂರು ಬಂದಾಗ ಸ್ಟ್ಯಾಟಿಸ್ಟಿಕ್ಸ್ ನೋಡಬೇಕು ಅಂದರೆ ಕೆಲವರು ನಗುತ್ತಾರೆ. ನಗಲಿ ಬಿಡಿ.

ಡಿಲೇ ಆದ ಕ್ವೆರಿ ಇನ್ನೂ ಕೆಲಸವನ್ನೇ ಶುರು ಮಾಡಿಲ್ಲ. ಆದ್ದರಿಂದ ಅದು ತನ್ನದೇ ಲಾಕ್ ಹಿಡಿದಿರುವುದಿಲ್ಲ, ಸ್ಪೂಲ್ (ಮಧ್ಯಂತರ ಫಲಿತಾಂಶ ಇಡುವ ತಾತ್ಕಾಲಿಕ ಜಾಗ) ತಿನ್ನುವುದಿಲ್ಲ. ಒಂದು ಅಪವಾದ ಇದೆ. ಹಲವು ಸ್ಟೇಟ್‌ಮೆಂಟ್ ಇರುವ ಟ್ರಾನ್ಸಾಕ್ಷನ್‌ನಲ್ಲಿ ಮೊದಲನೆಯದು ಲಾಕ್ ಹಿಡಿದಿದೆ, ಎರಡನೆಯದು ಡಿಲೇ ಆಯಿತು ಅಂದುಕೊಳ್ಳಿ. ಆಗ ಆ ಲಾಕ್ ಹಾಗೇ ಉಳಿಯುತ್ತದೆ. ಅದರ ಹಿಂದೆ ಬೇರೆಯವರು ಸಾಲುಗಟ್ಟುತ್ತಾರೆ. ಟ್ರಾನ್ಸಾಕ್ಷನ್ ಮಧ್ಯದಲ್ಲಿ ಥ್ರಾಟಲ್ ಡಿಲೇ ಆಗದಂತೆ ತಡೆಯಲು ಈ ನಿಯಮಗಳನ್ನು ಬರೆಯುವ ವರ್ಕ್‌ಲೋಡ್ ಡಿಸೈನರ್‌ನಲ್ಲಿ ಒಂದು ಆಯ್ಕೆ ಇದೆ. ನಿಮ್ಮ ಸಿಸ್ಟಮ್‌ನಲ್ಲಿ ಅದು ಆನ್ ಇದೆಯಾ ಎಂದು ಒಮ್ಮೆ ನೋಡಿಕೊಳ್ಳಿ.

ಹಂತ 1: ಡಿಲೇನಾ, ಬ್ಲಾಕಾ, ಸುಮ್ನೆ ನಿಧಾನವಾ?

ಯೂಸರ್‌ಗೆ ಮೂರೂ ಒಂದೇ ಥರ ಕಾಣುತ್ತವೆ. ಪರದೆ ಮೇಲೆ ಏನೋ ಸುತ್ತುತ್ತಿರುತ್ತದೆ, ಉತ್ತರ ಬರುವುದಿಲ್ಲ. ನಮಗೆ ಮೂರೂ ಬೇರೆ ಬೇರೆ.

ಟೆರಾಡೇಟಾವನ್ನು ಗಮನಿಸುವ ವೆಬ್ ಪರದೆಯಾದ ವ್ಯೂಪಾಯಿಂಟ್‌ನಲ್ಲಿ ಕ್ವೆರಿ ಮಾನಿಟರ್ ತೆರೆಯಿರಿ. ಸ್ಥಿತಿಯ ಕಾಲಂನಲ್ಲಿ 'ಡಿಲೇಡ್' ಅಂತ ಇದ್ದರೆ ಅದು ಥ್ರಾಟಲ್ ಹಿಡಿದಿರುವ ಕ್ವೆರಿ. 'ಬ್ಲಾಕ್ಡ್' ಅಂತ ಇದ್ದರೆ ಲಾಕ್‌ಗಾಗಿ ಕಾಯುತ್ತಿದೆ, ಅಂದರೆ ಥ್ರಾಟಲ್ ದಾಟಿ ಒಳಗೆ ಬಂದಾಗಿದೆ. 'ಆಕ್ಟಿವ್' ಇದ್ದೂ ನಿಧಾನ ಅಂದರೆ ಅದು ನಿಜವಾಗಿ ಓಡುತ್ತಿದೆ. ಅದರ ಮದ್ದು ಬೇರೆ.

ಬ್ಲಾಕ್ ಆದ ಕ್ವೆರಿ ಒಳಗೆ ಬಂದಾಗಿದೆ ಎಂದೆನಲ್ಲ, ಅದನ್ನು ನೆನಪಿಡಿ. ಅದು ಏನೂ ಕೆಲಸ ಮಾಡದೆ ಥ್ರಾಟಲ್‌ನ ಒಂದು ಸ್ಲಾಟ್ (ಲಿಮಿಟ್‌ನೊಳಗಿನ ಒಂದು ಜಾಗ) ಹಿಡಿದು ಕೂತಿರುತ್ತದೆ. ಮುಂದೆ ಇದು ಮತ್ತೆ ಬರುತ್ತದೆ.

ಹಂತ 2: ಯಾವ ಥ್ರಾಟಲ್ ಹಿಡಿದಿದೆ ಎಂದು ಹುಡುಕಿ

ಡಿಲೇ ಆಗಿದೆ ಅಂತ ಗೊತ್ತಾದರೆ ಅರ್ಧ ವಿಷಯ ಮಾತ್ರ ಗೊತ್ತಾದಂತೆ. ಥ್ರಾಟಲ್‌ಗಳು ಒಂದೆರಡಲ್ಲ. ಒಂದು ವರ್ಕ್‌ಲೋಡ್‌ಗೆ ಮಾತ್ರ ಅನ್ವಯಿಸುವ ಥ್ರಾಟಲ್ ಇರುತ್ತದೆ. ಇಡೀ ಸಿಸ್ಟಮ್ ಮಟ್ಟದಲ್ಲಿ ಯೂಸರ್, ಅಕೌಂಟ್, ಅಪ್ಲಿಕೇಷನ್, ಟೇಬಲ್ ಹೀಗೆ ಯಾವುದರ ಮೇಲಾದರೂ ಇಟ್ಟ ಸಿಸ್ಟಮ್ ಥ್ರಾಟಲ್ ಇರುತ್ತದೆ. ಡೇಟಾವನ್ನು ರಾಶಿಯಾಗಿ ತುಂಬಿಸುವ ಲೋಡ್ ಯುಟಿಲಿಟಿಗಳಿಗೇ ಬೇರೆ ಲಿಮಿಟ್‌ಗಳಿರುತ್ತವೆ.

ಕ್ವೆರಿ ಮಾನಿಟರ್‌ನಲ್ಲಿ ಆ ಸಾಲಿನ ಮೇಲೆ ಕ್ಲಿಕ್ ಮಾಡಿ ವಿವರಕ್ಕೆ ಹೋಗಿ. ಡಿಲೇ ಟ್ಯಾಬ್‌ನಲ್ಲಿ ಯಾವ ರೂಲ್ ತಡೆದಿದೆ ಎಂದು ಹೆಸರು ಸಮೇತ ಸಿಗುತ್ತದೆ. ಒಂದಕ್ಕಿಂತ ಹೆಚ್ಚು ಹೆಸರು ಕಂಡರೆ ಆಶ್ಚರ್ಯಪಡಬೇಡಿ. ಒಂದೇ ಕ್ವೆರಿಯನ್ನು ಎರಡು ಮೂರು ಥ್ರಾಟಲ್‌ಗಳು ಒಟ್ಟಿಗೆ ಹಿಡಿದಿರಬಹುದು. ಅವೆಲ್ಲದರಲ್ಲೂ ಜಾಗ ಸಿಕ್ಕಿದರೆ ಮಾತ್ರ ಅದು ಹೊರಡುತ್ತದೆ. ವರ್ಕ್‌ಲೋಡ್ ಲಿಮಿಟ್ ಜಾಸ್ತಿ ಮಾಡಿದರೂ ಕ್ವೆರಿ ಕದಲಲಿಲ್ಲ ಅನ್ನುವವರು ಹೆಚ್ಚಾಗಿ ಇಲ್ಲೇ ಎಡವಿರುತ್ತಾರೆ: ಒಂದು ಬಾಗಿಲು ತೆರೆದಿದ್ದಾರೆ, ಅದರ ಹಿಂದಿನ ಇನ್ನೊಂದು ಬಾಗಿಲು ನೋಡಿಲ್ಲ.

ಸಿಸ್ಟಮ್ ಥ್ರಾಟಲ್‌ನಲ್ಲಿ ಲಿಮಿಟ್ ಯಾರಿಗೆ ಅನ್ನುವುದನ್ನೂ ನೋಡಬೇಕು. 'ಕಲೆಕ್ಟಿವ್' ಇದ್ದರೆ ಇಡೀ ಗುಂಪಿಗೆ ಸೇರಿ ಒಂದು ಲೆಕ್ಕ. 'ಇಂಡಿವಿಜುವಲ್' ಇದ್ದರೆ ಒಬ್ಬೊಬ್ಬ ಯೂಸರ್‌ಗೂ ಬೇರೆ ಲೆಕ್ಕ. ಸಿಸ್ಟಮ್ ಪೂರ್ತಿ ಖಾಲಿ ಇದ್ದರೂ ಒಬ್ಬರ ಕ್ವೆರಿ ಮಾತ್ರ ನಿಂತಿದೆ ಅಂದರೆ ಎರಡನೆಯದರ ಮೇಲೆ ಅನುಮಾನ ಪಡಿ. ಸಾಮಾನ್ಯವಾಗಿ ಆ ಮನುಷ್ಯ ನಾಲ್ಕು ಕಿಟಕಿ ತೆರೆದು ಒಂದೇ ಕ್ವೆರಿಯನ್ನು ನಾಲ್ಕು ಸಲ ಕಳಿಸಿರುತ್ತಾನೆ.

ಲಿಮಿಟ್ ಯಾವಾಗಲೂ ಒಂದೇ ಆಗಿರಬೇಕೆಂದಿಲ್ಲ. ಸ್ಟೇಟ್ (ಹೊತ್ತು, ಪರಿಸ್ಥಿತಿಗೆ ತಕ್ಕಂತೆ ಜಾರಿಗೆ ಬರುವ ನಿಯಮಗಳ ಗುಂಪು) ಬದಲಾದರೆ ಲಿಮಿಟ್ ಕೂಡ ಬದಲಾಗಬಹುದು. ರಾತ್ರಿ ಲೋಡ್‌ಗಳ ಹೊತ್ತಿಗೆ ರಿಪೋರ್ಟ್‌ಗಳ ಲಿಮಿಟ್ ಇಳಿಸಿ ಇಟ್ಟಿರುವುದು ಸಾಮಾನ್ಯ. "ಹಗಲು ಓಡುತ್ತೆ, ರಾತ್ರಿ ನಿಲ್ಲುತ್ತೆ" ಅನ್ನುವ ದೂರಿಗೆ ಉತ್ತರ ಹೆಚ್ಚಾಗಿ ಇದೇ. ಈ ಕ್ಷಣ ಯಾವ ಸ್ಟೇಟ್ ಜಾರಿಯಲ್ಲಿದೆ ಎಂದು ವರ್ಕ್‌ಲೋಡ್ ಮಾನಿಟರ್‌ನಲ್ಲಿ ಕಾಣುತ್ತದೆ.

ಪರದೆ ಇಲ್ಲದೆ, ಎಸ್‌ಕ್ಯೂಎಲ್‌ನಲ್ಲೇ ನೋಡಬೇಕೆಂದರೆ ವರ್ಕ್‌ಲೋಡ್ ನಿಯಮಗಳಿರುವ ಟಿಡಿಡಬ್ಲ್ಯೂಎಂ ಡೇಟಾಬೇಸ್‌ನಲ್ಲಿ ಅದಕ್ಕೆಂದೇ ಟೇಬಲ್ ಫಂಕ್ಷನ್‌ಗಳಿವೆ. ನಿಮಗೆ ಬೇಕಾದದ್ದು ಟಿಡಿಡಬ್ಲ್ಯೂಎಂಗೆಟ್‌ಡಿಲೇಡ್‌ಕ್ವೆರೀಸ್. ಅದಕ್ಕೆ ಒಂದಕ್ಷರದ ಆರ್ಗ್ಯುಮೆಂಟ್ ಕೊಡಬೇಕು. ಆಬ್ಜೆಕ್ಟ್ ಥ್ರಾಟಲ್‌ಗಳಿಗೆ (ಮೇಲೆ ಹೇಳಿದ ಸಿಸ್ಟಮ್ ಥ್ರಾಟಲ್‌ಗಳೇ) 'ಒ', ವರ್ಕ್‌ಲೋಡ್ ಥ್ರಾಟಲ್‌ಗಳಿಗೆ 'ಡಬ್ಲ್ಯೂ', ಎಲ್ಲಕ್ಕೂ 'ಎ'. ಸೆಲೆಕ್ಟ್ ಹಾಕಿ, ಫ್ರಮ್ ನಂತರ ಟೇಬಲ್ ಎಂಬ ಪದದ ಬ್ರ್ಯಾಕೆಟ್ ಒಳಗೆ ಈ ಫಂಕ್ಷನ್ ಇಟ್ಟು, ಒಂದು ಅಲಿಯಾಸ್ ಕೊಟ್ಟರೆ ಸಾಕು. ಈಗ ಕ್ಯೂನಲ್ಲಿ ನಿಂತಿರುವವರ ಪಟ್ಟಿ ಬರುತ್ತದೆ. ಇದರ ಜೊತೆಯಲ್ಲೇ ಟಿಡಿಡಬ್ಲ್ಯೂಎಂಥ್ರಾಟಲ್‌ಸ್ಟ್ಯಾಟಿಸ್ಟಿಕ್ಸ್ ಅನ್ನೂ ಕರೆದು ನೋಡಿ. ಅದು ಥ್ರಾಟಲ್‌ಗಳ ಕಡೆಯಿಂದ ಲೆಕ್ಕ ಕೊಡುತ್ತದೆ. ಇವಕ್ಕೆಲ್ಲ ಆ ಫಂಕ್ಷನ್‌ಗಳ ಮೇಲೆ ಎಕ್ಸಿಕ್ಯೂಟ್ ಹಕ್ಕು ಬೇಕು. ಗಲಾಟೆಯ ಹೊತ್ತಲ್ಲಿ ಪರ್ಮಿಷನ್ ಕೇಳುತ್ತಾ ಕೂರುವ ಬದಲು ಮೊದಲೇ ಪಡೆದಿಟ್ಟುಕೊಳ್ಳಿ.

ಹಂತ 3: ಒಳಗೆ ಕೂತವರನ್ನು ನೋಡಿ

ಅತಿ ಮುಖ್ಯವಾದ ಹಂತ ಇದು. ಸ್ವಲ್ಪ ಲೆಕ್ಕ ಮಾಡೋಣ.

ಒಂದು ವರ್ಕ್‌ಲೋಡ್‌ಗೆ ಲಿಮಿಟ್ 5. ಒಂದು ಕ್ವೆರಿಗೆ ಸರಾಸರಿ 2 ನಿಮಿಷ ಬೇಕು. ಅಂದರೆ ಒಂದು ಸ್ಲಾಟ್ ಗಂಟೆಗೆ 30 ಕ್ವೆರಿ ಮುಗಿಸುತ್ತದೆ, ಐದು ಸ್ಲಾಟ್ ಸೇರಿ 150. ಗಂಟೆಗೆ 140 ಕ್ವೆರಿ ಬರುತ್ತಿದ್ದರೆ ಹೇಗೋ ಸಾಗುತ್ತದೆ. ಆಗಾಗ ಸಾಲು ಬೆಳೆದರೂ ಕರಗುತ್ತದೆ. ಈಗ ಒಂದು ಕೆಟ್ಟ ಜಾಯಿನ್ ಒಳಗೆ ಬಂದು ಒಂದು ಸ್ಲಾಟನ್ನು ಪೂರ್ತಿ ಒಂದು ಗಂಟೆ ಹಿಡಿದುಕೊಂಡಿತು. ಉಳಿದ ನಾಲ್ಕು ಸ್ಲಾಟ್‌ಗಳಲ್ಲಿ ಮುಗಿಯುವುದು 120. ಬರುವುದು ಅದೇ 140. ಗಂಟೆಯ ಕೊನೆಗೆ ಸುಮಾರು 20 ಕ್ವೆರಿ ಬಾಗಿಲಲ್ಲಿ ನಿಂತಿರುತ್ತವೆ. ಆ ಕೆಟ್ಟ ಕ್ವೆರಿ ಮುಗಿದ ಮೇಲೂ ಸಾಲು ತಕ್ಷಣ ಕರಗುವುದಿಲ್ಲ. ಗಂಟೆಗೆ ಹೆಚ್ಚುವರಿಯಾಗಿ ಮುಗಿಸಲು ಆಗುವುದು ಬರೀ 10. ಸಾಲು ಖಾಲಿಯಾಗಲು ಇನ್ನೂ ಎರಡು ಗಂಟೆ ಬೇಕು.

ಅಂದರೆ ಒಂದು ಕ್ವೆರಿ ಒಂದು ಗಂಟೆ ಮಾಡಿದ ತರಲೆ ಮೂರು ಗಂಟೆ ಕಾಡುತ್ತದೆ. ಮೂರನೆಯ ಗಂಟೆಯಲ್ಲಿ ನಿಮಗೆ ಫೋನ್ ಬಂದರೆ, ತಪ್ಪು ಮಾಡಿದ ಕ್ವೆರಿ ಆಗಲೇ ಹೋಗಿಯಾಗಿರುತ್ತದೆ. ಅದಕ್ಕೇ ವ್ಯೂಪಾಯಿಂಟ್‌ನ ರಿವೈಂಡ್ ನನಗೆ ಇಷ್ಟ. ಹಿಂದಿನ ಹೊತ್ತಿಗೆ ಹೋಗಿ, ಸಾಲು ಬೆಳೆಯಲು ಶುರುವಾದ ನಿಮಿಷದಲ್ಲಿ ಒಳಗೆ ಯಾರಿದ್ದರು ಎಂದು ನೋಡಬಹುದು.

ಜಾಗ ಹಿಡಿದು ಕೂತವರಲ್ಲಿ ಕೆಲವು ಜಾತಿಗಳಿವೆ. ಮೊದಲನೆಯದು ಆಗಲೇ ಹೇಳಿದ ಬ್ಲಾಕ್ ಆದ ಕ್ವೆರಿ. ಯಾರೋ ಒಂದು ಟೇಬಲ್ ಮೇಲೆ ಎಕ್ಸ್‌ಕ್ಲೂಸಿವ್ ಲಾಕ್ ಹಿಡಿದು ಟ್ರಾನ್ಸಾಕ್ಷನ್ ಮುಗಿಸದೆ ಎದ್ದು ಹೋಗಿದ್ದಾರೆ. ಆ ಟೇಬಲ್ ಓದಲು ಬಂದ ಐದು ರಿಪೋರ್ಟ್‌ಗಳು ಐದೂ ಸ್ಲಾಟ್ ಹಿಡಿದು ಲಾಕ್‌ಗಾಗಿ ಕಾಯುತ್ತಿವೆ. ಅವುಗಳ ಹಿಂದೆ ಆ ಟೇಬಲ್‌ಗೆ ಸಂಬಂಧವೇ ಇಲ್ಲದ ಐವತ್ತು ಕ್ವೆರಿ ಡಿಲೇ ಆಗಿವೆ. ನೋಡಿದರೆ ಥ್ರಾಟಲ್ ಸಮಸ್ಯೆ ಅನ್ನಿಸುತ್ತದೆ. ನಿಜವಾಗಿ ಅದು ಒಂದೇ ಒಂದು ಲಾಕ್. ಇಲ್ಲಿ ಲಿಮಿಟ್ 10ಕ್ಕೆ ಏರಿಸಿದರೆ ಏನಾಗುತ್ತದೆ? ಆ ಟೇಬಲ್ ಬೇಕಾದ ಇನ್ನಷ್ಟು ರಿಪೋರ್ಟ್‌ಗಳು ಒಳಗೆ ಬಂದು ಅವೂ ಕೂತುಬಿಡುತ್ತವೆ.

ಎರಡನೆಯದು ಸ್ಕ್ಯೂ ಆದ ಕ್ವೆರಿ. ಡೇಟಾ ಒಂದೇ ಆಂಪ್ ಮೇಲೆ ಗುಡ್ಡೆ ಬಿದ್ದಿದೆ. ಒಂದು ಆಂಪ್ ಬೆವರು ಸುರಿಸುತ್ತಿದೆ, ಉಳಿದವು ಸುಮ್ನೆ ಕೂತಿವೆ. ಒಟ್ಟು ಸಿಪಿಯು ನೋಡಿದರೆ ಸಿಸ್ಟಮ್ ಖಾಲಿ ಇದೆ ಅನ್ನಿಸುತ್ತದೆ. ಆದರೆ ಸ್ಲಾಟ್ ಮಾತ್ರ ಖಾಲಿ ಆಗುವುದಿಲ್ಲ. ಕ್ವೆರಿ ಮಾನಿಟರ್‌ನ ಸಿಪಿಯು ಸ್ಕ್ಯೂ ಕಾಲಂ ಪ್ರಕಾರ ಸಾರ್ಟ್ ಮಾಡಿದರೆ ಇಂಥವು ಮೇಲಕ್ಕೆ ಬರುತ್ತವೆ.

ಮೂರನೆಯದು ಇನ್ನೂ ಸರಳ: ತಪ್ಪು ವರ್ಕ್‌ಲೋಡ್‌ಗೆ ಬಂದು ಬಿದ್ದ ದೊಡ್ಡ ಕ್ವೆರಿ. ಆಪ್ಟಿಮೈಜರ್ 3 ಸೆಕೆಂಡ್ ಅಂದಿತ್ತು, ನಲವತ್ತು ನಿಮಿಷದಿಂದ ಓಡುತ್ತಿದೆ.

ಆಕ್ಟಿವ್ ಸಂಖ್ಯೆ ಲಿಮಿಟ್‌ಗಿಂತ ಜಾಸ್ತಿ ಕಂಡರೂ ಗಾಬರಿ ಬೇಡ. ಯಾರೋ ಕೈಯಾರೆ ರಿಲೀಸ್ ಮಾಡಿರಬಹುದು. ಸ್ಟೇಟ್ ಬದಲಾಗಿ ಲಿಮಿಟ್ ಇಳಿದಿರಬಹುದು. ಆಗ ಒಳಗಿರುವ ಕ್ವೆರಿಗಳನ್ನು ಎಬ್ಬಿಸಿ ಹೊರಗೆ ಕಳಿಸುವುದಿಲ್ಲ, ಅವು ಮುಗಿಯುವವರೆಗೆ ಓಡುತ್ತವೆ.

ಹಂತ 4: ಡಿಬಿಕ್ಯೂಎಲ್‌ನಲ್ಲಿ ಹಿಂದಿನ ಲೆಕ್ಕ ತೆಗೆಯಿರಿ

ಈ ಕ್ಷಣದ ಚಿತ್ರ ಪರದೆಯಲ್ಲಿ ಸಿಗುತ್ತದೆ. ಈ ಡಿಲೇ ದಿನಾ ಇದೆಯಾ, ಇವತ್ತೊಂದೇ ದಿನವಾ ಎಂದು ತಿಳಿಯಲು ಡಿಬಿಕ್ಯೂಎಲ್ (ಓಡಿದ ಕ್ವೆರಿಗಳ ದಾಖಲೆ) ಬೇಕು. ಡಿಬಿಸಿ ಅಡಿಯಲ್ಲಿರುವ ಕ್ವೆರಿಲಾಗ್ ವ್ಯೂನಲ್ಲಿ ಡಿಲೇಟೈಮ್ ಎಂಬ ಕಾಲಂ ಇದೆ. ಕ್ವೆರಿ ಎಷ್ಟು ಸೆಕೆಂಡ್ ಬಾಗಿಲಲ್ಲಿ ನಿಂತಿತ್ತು ಅನ್ನುವ ಲೆಕ್ಕ ಅದು.

ಅದರ ಜೊತೆ ಮೂರು ಸಮಯಗಳನ್ನು ಓದಿ. ಸ್ಟಾರ್ಟ್‌ಟೈಮ್ ಅಂದರೆ ಕ್ವೆರಿ ಬಂದ ಹೊತ್ತು. ಫಸ್ಟ್‌ಸ್ಟೆಪ್‌ಟೈಮ್ ಅಂದರೆ ಆಂಪ್‌ಗಳಿಗೆ ಮೊದಲ ಕೆಲಸ ಹೋದ ಹೊತ್ತು. ಫಸ್ಟ್‌ರೆಸ್ಪ್‌ಟೈಮ್ ಅಂದರೆ ಮೊದಲ ಉತ್ತರ ಹೊರಟ ಹೊತ್ತು. ಮೊದಲ ಎರಡರ ನಡುವೆ ಪಾರ್ಸಿಂಗ್ ಮತ್ತು ಡಿಲೇ ಎರಡೂ ಇರುತ್ತವೆ. ಎರಡನೆಯದು ಮತ್ತು ಮೂರನೆಯದರ ನಡುವಿನದು ನಿಜವಾದ ಓಟ. ಯೂಸರ್ ಅನುಭವಿಸುವುದು ಮೊದಲನೆಯದರಿಂದ ಮೂರನೆಯದರವರೆಗಿನ ಪೂರ್ತಿ ಹೊತ್ತು. ಟ್ಯೂನಿಂಗ್ ಮಾಡುವವರು ಈ ಪೂರ್ತಿ ಹೊತ್ತನ್ನೇ ಓಟದ ಸಮಯ ಅಂದುಕೊಂಡು ಚೆನ್ನಾಗಿರುವ ಕ್ವೆರಿಯನ್ನು ತಿದ್ದಲು ಕೂರುವುದನ್ನು ಕಂಡಿದ್ದೇನೆ. ಎಂಟು ನಿಮಿಷದಲ್ಲಿ ಏಳೂವರೆ ನಿಮಿಷ ಡಿಲೇ ಆಗಿದ್ದರೆ, ಪ್ಲಾನ್ ಎಷ್ಟೇ ತಿದ್ದಿದರೂ ಸಿಗುವುದು ಅರ್ಧ ನಿಮಿಷದೊಳಗಿನ ಉಳಿತಾಯ, ಅಲ್ವಾ?

ಕ್ವೆರಿ ಬರೆಯುವುದು ಹೀಗೆ. ಹದಿನೈದು ದಿನದ ಲಾಗ್ ತೆಗೆದುಕೊಳ್ಳಿ. ವರ್ಕ್‌ಲೋಡ್ ಮತ್ತು ಸ್ಟಾರ್ಟ್‌ಟೈಮ್‌ನ ಗಂಟೆ, ಈ ಎರಡರ ಮೇಲೆ ಗ್ರೂಪ್ ಮಾಡಿ. ಒಟ್ಟು ಕ್ವೆರಿ ಎಷ್ಟು, ಅದರಲ್ಲಿ ಡಿಲೇಟೈಮ್ ಸೊನ್ನೆಗಿಂತ ಹೆಚ್ಚಿರುವುದು ಎಷ್ಟು, ಡಿಲೇಯ ಮೊತ್ತ ಎಷ್ಟು, ಅತಿ ಹೆಚ್ಚು ಎಷ್ಟು, 95ನೇ ಪರ್ಸೆಂಟೈಲ್ (ನೂರರಲ್ಲಿ 95 ಕ್ವೆರಿಗಳ ಡಿಲೇ ಇದನ್ನು ಮೀರುವುದಿಲ್ಲ) ಎಷ್ಟು ಎಂದು ತೆಗೆಯಿರಿ. ಸರಾಸರಿಯನ್ನು ನಾನು ನಂಬುವುದಿಲ್ಲ. ನೂರರಲ್ಲಿ ತೊಂಬತ್ತು ಕ್ವೆರಿ ಕಾಯದೇ ಹೋಗಿ, ಹತ್ತು ಕ್ವೆರಿ ಇಪ್ಪತ್ತು ನಿಮಿಷ ಕಾದರೆ ಸರಾಸರಿ 2 ನಿಮಿಷ ಬರುತ್ತದೆ. ಎರಡು ನಿಮಿಷ ಕಾದವರು ಆ ನೂರರಲ್ಲಿ ಒಬ್ಬರೂ ಇಲ್ಲ.

ಇಲ್ಲಿ ಕಾಲಿಗೆ ತೊಡರುವ ಕಲ್ಲುಗಳು ಕೆಲವಿವೆ.

ಡಿಲೇ ಆಗದ ಕ್ವೆರಿಗೆ ಡಿಲೇಟೈಮ್ ನಲ್ (ಬೆಲೆಯೇ ಇಲ್ಲದ ಖಾಲಿ) ಇರಬಹುದು. ಸರಾಸರಿ ತೆಗೆಯುವ ಫಂಕ್ಷನ್ ನಲ್ ಇರುವ ಸಾಲನ್ನು ಎಣಿಸುವುದಿಲ್ಲ. ಆಗ ಮೇಲಿನ ಉದಾಹರಣೆಯಲ್ಲೇ ಸರಾಸರಿ 20 ನಿಮಿಷ ಎಂದು ಬರುತ್ತದೆ! ಕೋಅಲೆಸ್ ಹಾಕಿ ಸೊನ್ನೆ ಮಾಡಿಕೊಳ್ಳಿ.

ಡಿಬಿಕ್ಯೂಎಲ್ ಸಾಲುಗಳು ಮೊದಲು ಕ್ಯಾಶ್‌ನಲ್ಲಿ ಕೂರುತ್ತವೆ. ಡಿಫಾಲ್ಟ್ ಆಗಿ 600 ಸೆಕೆಂಡಿಗೆ ಒಮ್ಮೆ ಟೇಬಲ್‌ಗೆ ಬರೆಯಲಾಗುತ್ತದೆ. ಅದಲ್ಲದೆ ಇನ್ನೂ ನಿಂತಿರುವ ಕ್ವೆರಿ ಅಲ್ಲಿ ಇರುವುದೇ ಇಲ್ಲ. ಈಗಿನ ಗಲಾಟೆಗೆ ಡಿಬಿಕ್ಯೂಎಲ್ ಹುಡುಕುವುದು ವ್ಯರ್ಥ.

ಕಾದು ಕಾದು ಬೇಸತ್ತು ಯೂಸರ್ ಕ್ಯಾನ್ಸಲ್ ಮಾಡಿದ ಕ್ವೆರಿಗಳೂ ಇವೆ. ಅಬಾರ್ಟ್‌ಫ್ಲ್ಯಾಗ್ ಇರುವ ಸಾಲುಗಳು ಬೇಡ ಎಂದು ಶುರುವಲ್ಲೇ ತೆಗೆದುಹಾಕಿದರೆ, ನಿಮ್ಮ ರಿಪೋರ್ಟ್‌ನಲ್ಲಿ ಅತಿ ಕೆಟ್ಟ ಅನುಭವ ಪಟ್ಟವರೇ ಕಾಣೆಯಾಗುತ್ತಾರೆ. ಅವನ್ನು ಬೇರೆಯಾಗಿ ಎಣಿಸಿ.

ಲೋಡ್ ಯುಟಿಲಿಟಿಗಳದ್ದು ಬೇರೆ ಕತೆ. ಫಾಸ್ಟ್‌ಲೋಡ್‌ನಂಥವು ಕೆಲಸ ಶುರು ಮಾಡುವ ಮೊದಲು 'ಚೆಕ್ ವರ್ಕ್‌ಲೋಡ್' ಎಂಬ ಸ್ಟೇಟ್‌ಮೆಂಟ್‌ಗಳನ್ನು ಕಳಿಸುತ್ತವೆ. ಡಿಲೇ ಆದರೆ 'ಚೆಕ್ ವರ್ಕ್‌ಲೋಡ್ ಎಂಡ್' ಹತ್ತಿರ ನಿಲ್ಲುತ್ತವೆ. ಇನ್ಸರ್ಟ್ ಸ್ಟೇಟ್‌ಮೆಂಟ್ ಹುಡುಕಿದರೆ ಡಿಲೇ ಕಾಣುವುದಿಲ್ಲ. ಲೋಡ್ ಜಾಬ್ ಯಾಕೆ ತಡವಾಯಿತು ಎಂದು ನಾನು ಒಂದು ಪೂರ್ತಿ ಮಧ್ಯಾಹ್ನ ತಪ್ಪು ಸಾಲುಗಳನ್ನು ನೋಡುತ್ತಾ ಕೂತಿದ್ದೆ.

ಕೊನೆಯದಾಗಿ, ಲಾಗಿಂಗ್ ಆನ್ ಇರಬೇಕು. ಕೆಲವು ಯೂಸರ್‌ಗಳಿಗೆ ಬರೀ ಸಮರಿ ಲಾಗಿಂಗ್ ಹಾಕಿರುತ್ತಾರೆ. ಅವರ ಕ್ವೆರಿಗಳು ಒಂದೊಂದಾಗಿ ಸಿಗುವುದಿಲ್ಲ.

ಒಂದು ಹೊತ್ತಿನಲ್ಲಿ ಸಾಲು ಎಷ್ಟು ಉದ್ದ ಇತ್ತು ಎಂದು ತಿಳಿಯಬೇಕಾದರೆ ಒಂದು ಸಣ್ಣ ಉಪಾಯ ಇದೆ. ಫಸ್ಟ್‌ಸ್ಟೆಪ್‌ಟೈಮ್‌ನಿಂದ ಡಿಲೇಟೈಮ್ ಕಳೆಯಿರಿ. ಅದು ಸುಮಾರಾಗಿ ಕ್ವೆರಿ ಸಾಲಿಗೆ ಸೇರಿದ ಹೊತ್ತು. ಅಲ್ಲಿಂದ ಫಸ್ಟ್‌ಸ್ಟೆಪ್‌ಟೈಮ್‌ವರೆಗೆ ಅದು ನಿಂತಿತ್ತು. ಒಂದೊಂದು ನಿಮಿಷಕ್ಕೂ ಆ ಅವಧಿಯೊಳಗೆ ಬರುವ ಕ್ವೆರಿಗಳನ್ನು ಎಣಿಸಿ. ಇದೇ ರೀತಿ ಫಸ್ಟ್‌ಸ್ಟೆಪ್‌ಟೈಮ್‌ನಿಂದ ಫಸ್ಟ್‌ರೆಸ್ಪ್‌ಟೈಮ್‌ವರೆಗೆ ಎಣಿಸಿದರೆ ಒಳಗಿದ್ದವರ ಸಂಖ್ಯೆ. ಎರಡು ಗೆರೆಗಳನ್ನೂ ಒಂದೇ ಗ್ರಾಫ್‌ನಲ್ಲಿ ಹಾಕಿ ನೋಡಿ. ಒಳಗಿನ ಗೆರೆ ಲಿಮಿಟ್‌ಗೆ ಅಂಟಿಕೊಂಡು ಚಪ್ಪಟೆಯಾಗಿ, ಹೊರಗಿನ ಗೆರೆ ಗುಡ್ಡದ ಹಾಗೆ ಏಳುವುದು ಕಾಣುತ್ತದೆ. ಮ್ಯಾನೇಜರ್‌ಗೆ ವಿವರಿಸಲು ಇದಕ್ಕಿಂತ ಒಳ್ಳೆ ಚಿತ್ರ ನನಗೆ ಸಿಕ್ಕಿಲ್ಲ.

ಹಂತ 5: ಎಚ್ಚರಿಕೆ ಗಂಟೆ ಕಟ್ಟಿ

ಡಿಲೇ ಆದ ಪ್ರತಿ ಕ್ವೆರಿಗೂ ಮೇಲ್ ಬರುವ ಹಾಗೆ ಮಾಡಬೇಡಿ. ಎರಡೇ ದಿನದಲ್ಲಿ ಎಲ್ಲರೂ ಆ ಮೇಲ್ ನೋಡುವುದನ್ನು ಬಿಡುತ್ತಾರೆ. ಐದು ನಿಮಿಷಕ್ಕೊಮ್ಮೆ ಡಿಲೇ ಪಟ್ಟಿಯ ಫಂಕ್ಷನ್ ಓಡಿಸಿ ಫಲಿತಾಂಶವನ್ನು ನಿಮ್ಮದೇ ಟೇಬಲ್‌ನಲ್ಲಿ ಇಡುವ ಚಿಕ್ಕ ಸ್ಕ್ರಿಪ್ಟ್ ಸಾಕು. ಗಂಟೆ ಬಾರಿಸಬೇಕಾದದ್ದು ಎರಡು ಸಂದರ್ಭಕ್ಕೆ. ಒಂದು, ಅತಿ ಹಳೆಯ ಡಿಲೇ ಆ ವರ್ಕ್‌ಲೋಡ್‌ನ ಮಾಮೂಲಿ 95ನೇ ಪರ್ಸೆಂಟೈಲ್ ದಾಟಿದಾಗ. ಇನ್ನೊಂದು, ಸತತ ಮೂರು ಸಲ ಸಾಲು ಬೆಳೆಯುತ್ತಲೇ ಹೋದಾಗ. ಸಾಲು ಉದ್ದ ಇದ್ದರೂ ಚಲಿಸುತ್ತಿದ್ದರೆ ಚಿಂತೆ ಇಲ್ಲ. ಸಣ್ಣ ಸಾಲು ಕದಲದೆ ನಿಂತರೆ ಅದೇ ರೋಗ.

ಸ್ಕ್ರಿಪ್ಟ್ ಓಡಿಸುವ ಯೂಸರ್ ಥ್ರಾಟಲ್‌ಗೆ ಸಿಗಬಾರದು. ಕೆಲವು ಯೂಸರ್‌ಗಳಿಗೆ ಥ್ರಾಟಲ್ ಬೈಪಾಸ್ ಕೊಡಲು ಬರುತ್ತದೆ. ಕೊಡದಿದ್ದರೆ ಡಿಲೇ ಹುಡುಕುವ ಕ್ವೆರಿಯೇ ಡಿಲೇ ಆಗಿ ನಿಲ್ಲುವ ತಮಾಷೆ ನೋಡಬೇಕಾಗುತ್ತದೆ.

ಹಂತ 6: ಕೈ ಹಾಕುವುದು

ಈಗ ಏನಾದರೂ ಮಾಡಬೇಕು. ನಿಮ್ಮ ಮುಂದಿರುವುದು ರಿಲೀಸ್, ಅಬಾರ್ಟ್, ವರ್ಕ್‌ಲೋಡ್ ಬದಲಾವಣೆ, ಲಿಮಿಟ್ ಬದಲಾವಣೆ.

ನನ್ನ ಕ್ರಮ ಹೀಗಿದೆ. ಮೊದಲು ಒಳಗಿರುವ ತಪ್ಪಿತಸ್ಥ ಯಾರು ಎಂದು ಹಂತ 3ರಲ್ಲಿ ಹುಡುಕಿರುತ್ತೇನೆ. ಲಾಕ್ ಹಿಡಿದು ಮಲಗಿದ ಸೆಷನ್ ಆದರೆ ಅದರ ಮಾಲೀಕರಿಗೆ ಫೋನ್ ಮಾಡಿ, ಒಪ್ಪಿದರೆ ಅಬಾರ್ಟ್. ಕೆಟ್ಟ ಕ್ವೆರಿ ಆದರೆ ಅದನ್ನು ಕೆಳಗಿನ ವರ್ಕ್‌ಲೋಡ್‌ಗೆ ಸಾಗಿಸುವುದು ಅಥವಾ ಅಬಾರ್ಟ್ ಮಾಡುವುದು. ಅಷ್ಟಕ್ಕೇ ಎಷ್ಟೋ ಸಲ ಸಾಲು ತಾನಾಗೇ ಕರಗಲು ಶುರುವಾಗುತ್ತದೆ.

ಒಂದೆರಡು ಕ್ವೆರಿ ನಿಜವಾಗಿಯೂ ತುರ್ತು ಅಂದರೆ ಅವನ್ನು ಮಾತ್ರ ರಿಲೀಸ್ ಮಾಡಿ. ಕ್ವೆರಿ ಮಾನಿಟರ್‌ನಲ್ಲೇ ಬಟನ್ ಇದೆ. ಎಸ್‌ಕ್ಯೂಎಲ್‌ನಲ್ಲಾದರೆ ಟಿಡಿಡಬ್ಲ್ಯೂಎಂರಿಲೀಸ್‌ಡಿಲೇಡ್‌ರಿಕ್ವೆಸ್ಟ್ ಫಂಕ್ಷನ್‌ಗೆ ಹೋಸ್ಟ್, ಸೆಷನ್, ರಿಕ್ವೆಸ್ಟ್ ನಂಬರ್‌ಗಳನ್ನೆಲ್ಲ ಕೊಡಬೇಕು. ರಿಲೀಸ್ ಆದ ಕ್ವೆರಿ ಲಿಮಿಟ್ ಮೀರಿ ಒಳಗೆ ಹೋಗುತ್ತದೆ ಎಂಬುದು ತಲೆಯಲ್ಲಿರಲಿ.

ಸಾಲಿನಲ್ಲಿರುವ ಎಲ್ಲರನ್ನೂ ಒಟ್ಟಿಗೆ ರಿಲೀಸ್ ಮಾಡುವ ಆಸೆ ಬರುತ್ತದೆ. ಮಾಡಬೇಡಿ. ಕಾರಣ ಆಂಪ್ ವರ್ಕರ್ ಟಾಸ್ಕ್‌ಗಳು, ಅಂದರೆ ಆಂಪ್ ಒಳಗೆ ಕೆಲಸ ಮಾಡುವ ಕೈಗಳು. ಒಂದು ಆಂಪ್‌ಗೆ ಡಿಫಾಲ್ಟ್ ಆಗಿ 80 ವರ್ಕರ್ ಟಾಸ್ಕ್ ಇರುತ್ತವೆ. ಅವೆಲ್ಲ ಹೊಸ ಕ್ವೆರಿಗೆ ಸಿಗುವುದಿಲ್ಲ. ಒಳಗಿನ ಬೇರೆ ಬೇರೆ ಬಗೆಯ ಕೆಲಸಗಳಿಗೆ ಒಂದಷ್ಟು ಕಾದಿರಿಸಿರುತ್ತಾರೆ. ಸಾಲುಗಳನ್ನು ಆಂಪ್‌ಗಳ ನಡುವೆ ಹಂಚುವ ಸ್ಟೆಪ್‌ಗೆ ಒಂದೊಂದು ಆಂಪ್‌ನಲ್ಲೂ ಎರಡು ಟಾಸ್ಕ್ ಬೇಕು: ಕಳಿಸಲು ಒಂದು, ಪಡೆಯಲು ಒಂದು. ಇಂಥ ಮೂವತ್ತು ಕ್ವೆರಿ ಒಟ್ಟಿಗೆ ನುಗ್ಗಿದರೆ ಬರೀ ಅವಕ್ಕೇ 60 ಬೇಕಾಯಿತು. ಟಾಸ್ಕ್ ಮುಗಿದುಹೋದರೆ ಕೆಲಸ ಆಂಪ್‌ನ ಹೊಸ್ತಿಲಲ್ಲಿ ಸಾಲುಗಟ್ಟುತ್ತದೆ, ಕೊನೆಗೆ ಆಂಪ್ ಫ್ಲೋ ಕಂಟ್ರೋಲ್‌ಗೆ ಹೋಗಿ ಹೊಸ ಕೆಲಸವನ್ನೇ ತೆಗೆದುಕೊಳ್ಳುವುದಿಲ್ಲ. ಥ್ರಾಟಲ್ ಇರುವುದೇ ಇದನ್ನು ತಪ್ಪಿಸಲು.

ಒಂದು ತಿಂಗಳ ಕೊನೆಯಲ್ಲಿ ನಾನು ಒತ್ತಡಕ್ಕೆ ಬಗ್ಗಿ ಒಂದು ಲಿಮಿಟ್ 10ರಿಂದ 20 ಮಾಡಿದೆ. ಡಿಲೇ ಗ್ರಾಫ್ ಸೊನ್ನೆಗೆ ಬಿತ್ತು. ಎಲ್ಲರೂ ಖುಷಿ. ಅರ್ಧ ಗಂಟೆಗೆ ಮತ್ತೆ ಫೋನ್‌ಗಳು ಶುರು. ಹೊರಗೆ ಕಾಯುತ್ತಿದ್ದವರು ಈಗ ಒಳಗೆ ಕಾಯುತ್ತಿದ್ದರು. ಮೊದಲು ಚುರುಕಾಗಿದ್ದ ಚಿಕ್ಕ ಕ್ವೆರಿಗಳೂ ಅವರ ಜೊತೆ ತೆವಳುತ್ತಿದ್ದವು. ಒಳಗಿನ ಕಾಯುವಿಕೆ ಡಿಲೇಟೈಮ್‌ನಲ್ಲಿ ಕಾಣುವುದಿಲ್ಲ, ಹಾಗಾಗಿ ನನ್ನ ಗ್ರಾಫ್ ಮಾತ್ರ ಚೆನ್ನಾಗಿತ್ತು.

ಲಿಮಿಟ್ ಏರಿಸಲೇಬಾರದು ಅಂತಲ್ಲ. ಸಾಲು ಇರುವಾಗಲೂ ಸಿಪಿಯು ದಿನಾ ಖಾಲಿ ಇದೆ, ವರ್ಕರ್ ಟಾಸ್ಕ್ ಧಾರಾಳ ಇವೆ, ಸ್ಕ್ಯೂ ಇಲ್ಲ, ಬ್ಲಾಕ್ ಇಲ್ಲ ಅಂದರೆ ಲಿಮಿಟ್ ನಿಜವಾಗಿಯೂ ಚಿಕ್ಕದಾಗಿದೆ. ಒಂದೋ ಎರಡೋ ಏರಿಸಿ ಒಂದು ವಾರ ನೋಡಿ. ಇಂಥ ಸ್ಥಿತಿಗೆಂದೇ ಫ್ಲೆಕ್ಸ್ ಥ್ರಾಟಲ್ ಎಂಬ ಸೌಲಭ್ಯವೂ ಇದೆ. ಸಿಸ್ಟಮ್‌ನಲ್ಲಿ ಜಾಗ ಇದ್ದಾಗ ವರ್ಕ್‌ಲೋಡ್ ಥ್ರಾಟಲ್‌ನ ಲಿಮಿಟ್ ಮೀರಿ ಒಂದಷ್ಟು ಕ್ವೆರಿಗಳನ್ನು ಅದು ತಾನಾಗೇ ಬಿಡುತ್ತದೆ.

ಒಂದೇ ಆಂಪ್ ಮುಟ್ಟಿ ಕ್ಷಣದಲ್ಲಿ ಮುಗಿಯುವ ಟ್ಯಾಕ್ಟಿಕಲ್ ಕ್ವೆರಿಗಳು ಡಿಲೇ ಆಗುತ್ತಿದ್ದರೆ ಲಿಮಿಟ್ ಎಷ್ಟು ಎಂಬ ಚರ್ಚೆಯೇ ಬೇಡ. ಅವಕ್ಕೆ ಥ್ರಾಟಲ್ ಇರಬಾರದು. ಮಿಲಿಸೆಕೆಂಡಿನ ಕೆಲಸಕ್ಕೆ ಸೆಕೆಂಡುಗಟ್ಟಲೆ ಕಾಯಿಸುವುದರಲ್ಲಿ ಯಾವ ಲಾಭವೂ ಇಲ್ಲ.

ಸಾಲಿನ ಕ್ರಮವನ್ನೂ ಒಮ್ಮೆ ನೋಡಿ. ಮೊದಲು ಬಂದವರಿಗೆ ಮೊದಲು ಎಂಬುದು ಒಂದು ರೀತಿ, ವರ್ಕ್‌ಲೋಡ್ ಪ್ರಯಾರಿಟಿ ಪ್ರಕಾರ ಬಿಡುವುದು ಇನ್ನೊಂದು. ಒಂದೇ ಸಿಸ್ಟಮ್ ಥ್ರಾಟಲ್ ಕೆಳಗೆ ಮುಖ್ಯ ಮತ್ತು ಸಾಮಾನ್ಯ ವರ್ಕ್‌ಲೋಡ್‌ಗಳು ಎರಡೂ ನಿಲ್ಲುತ್ತಿದ್ದರೆ ಎರಡನೆಯದು ಉಪಯೋಗಕ್ಕೆ ಬರುತ್ತದೆ. ಆದರೆ ಕೆಳಗಿನವರು ಎಂದಿಗೂ ಒಳಗೆ ಹೋಗದ ಹಾಗೆ ಆಗಬಹುದು. ಅದನ್ನು ಆನ್ ಮಾಡಿದರೆ ಕೆಳಗಿನ ವರ್ಕ್‌ಲೋಡ್‌ನ ಅತಿ ಹೆಚ್ಚಿನ ಡಿಲೇ ಮೇಲೆ ವಿಶೇಷ ಕಣ್ಣಿರಲಿ.

ಬೇರೆ ಡೇಟಾಬೇಸ್ ಬಳಸುವವರಿಗೆ

ಹೆಸರುಗಳು ಬೇರೆ, ಬಾಗಿಲು ಅದೇ. ಅಮೆಜಾನ್ ರೆಡ್‌ಶಿಫ್ಟ್‌ನಲ್ಲಿ ಎಸ್‌ಟಿಎಲ್ ಡಬ್ಲ್ಯೂಎಲ್‌ಎಂ ಕ್ವೆರಿ ಟೇಬಲ್‌ನ ಟೋಟಲ್ ಕ್ಯೂ ಟೈಮ್ ಕಾಲಂ ನೋಡಿ, ಅದು ಮೈಕ್ರೋಸೆಕೆಂಡ್‌ನಲ್ಲಿದೆ. ಸ್ನೋಫ್ಲೇಕ್‌ನಲ್ಲಿ ಕ್ವೆರಿ ಹಿಸ್ಟರಿಯ ಕ್ಯೂಡ್ ಓವರ್‌ಲೋಡ್ ಟೈಮ್; ಅದು ಮಿಲಿಸೆಕೆಂಡ್. ಟೆರಾಡೇಟಾದ ಸೆಕೆಂಡ್‌ಗೆ ಒಗ್ಗಿದವರು ಘಟಕ ಮರೆತು ಗಾಬರಿಯಾಗುವುದುಂಟು. ಒರಾಕಲ್‌ನಲ್ಲಿ ಪ್ಯಾರಲಲ್ ಸ್ಟೇಟ್‌ಮೆಂಟ್‌ಗಳು ಸಾಲಿನಲ್ಲಿ ನಿಂತರೆ ರಿಸೋರ್ಸ್ ಮ್ಯಾನೇಜರ್‌ನ 'ಪಿಕ್ಯೂ ಕ್ಯೂಡ್' ವೇಟ್ ಇವೆಂಟ್ ಕಾಣುತ್ತದೆ.

ಲಿಮಿಟ್ ಬದಲಿಸಿದ ಮೇಲೆ

ಬದಲಿಸುವ ಮೊದಲೇ ಹಂತ 4ರ ಅಂಕಿಗಳನ್ನು ಒಂದು ಟೇಬಲ್‌ಗೆ ತೆಗೆದಿಡಿ. ಡಿಬಿಕ್ಯೂಎಲ್ ಲಾಗ್‌ಗಳನ್ನು ಆಗಾಗ ಖಾಲಿ ಮಾಡುತ್ತಾರೆ, ಆಮೇಲೆ ಹುಡುಕಿದರೆ ಇರುವುದಿಲ್ಲ. ಹೋಲಿಸುವಾಗ ಸೋಮವಾರವನ್ನು ಸೋಮವಾರಕ್ಕೆ, ತಿಂಗಳ ಕೊನೆಯನ್ನು ತಿಂಗಳ ಕೊನೆಗೆ ಹೋಲಿಸಿ. ಡಿಲೇ ಇಳಿದದ್ದನ್ನು ಮಾತ್ರ ನೋಡಬೇಡಿ. ಸ್ಟಾರ್ಟ್‌ಟೈಮ್‌ನಿಂದ ಫಸ್ಟ್‌ರೆಸ್ಪ್‌ಟೈಮ್‌ವರೆಗಿನ ಪೂರ್ತಿ ಹೊತ್ತು ಇಳಿಯಿತಾ, ಪಕ್ಕದ ವರ್ಕ್‌ಲೋಡ್‌ಗಳ ಓಟದ ಸಮಯ ಏರಿತಾ ಎಂದು ನೋಡಿ. ಡಿಲೇ 6 ನಿಮಿಷ ಇಳಿದು ಓಟ 7 ನಿಮಿಷ ಏರಿದ್ದರೆ ಲಿಮಿಟನ್ನು ಹಳೆಯ ಸಂಖ್ಯೆಗೆ ತನ್ನಿ, ಮತ್ತೆ ಹಂತ 3ರಿಂದ ಶುರು ಮಾಡಿ.